ಹಪ್ಪಳದ ಜೊತೆ ಹೋದ ಬೀಗದ ಕೈ

ಈ ಸಲ ಎಲ್ಲ ಸರಿಯಾಗಿ ಮಾಡಬೇಕು ಅಂತ ನಾನು ಏಪ್ರಿಲ್‌ನಲ್ಲೇ ತೀರ್ಮಾನ ಮಾಡಿದ್ದೆ. ಪ್ರತಿ ವರ್ಷವೂ ಮಾಡುತ್ತೇನೆ, ಆ ಮಾತು ಬೇರೆ.

ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ ಶಾಲೆಗೆ ಬೀಗ ಹಾಕಿದರೆ ಮತ್ತೆ ತೆಗೆಯುವುದು ಮೇ 29ರ ಹೊತ್ತಿಗೆ. ನಡುವಿನ ಏಳು ವಾರದಲ್ಲಿ ವಾರ್ಷಿಕ ಪಾಠ ಯೋಜನೆ ಬರೆದೆ, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ವೇಳಾಪಟ್ಟಿ ಮಾಡಿದೆ, ತೀರ್ಥಹಳ್ಳಿಯಿಂದ ಬಸ್ ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಚಾರ್ಟ್ ತಂದು ಕಾಗುಣಿತ, ಮಗ್ಗಿ, ಪ್ರಾಣಿ, ಪಕ್ಷಿ ಎಲ್ಲ ಬರೆದು ಲ್ಯಾಮಿನೇಷನ್ ಕೂಡ ಮಾಡಿಸಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಲ್ಯಾಮಿನೇಷನ್ ಇಲ್ಲದ ಕಾಗದ ಆಗಸ್ಟ್ ಹೊತ್ತಿಗೆ ಹಪ್ಪಳದ ಹಿಟ್ಟಿನ ಹದಕ್ಕೆ ಬಂದಿರುತ್ತದೆ. "ಇಪ್ಪತ್ಮೂರು ಮಕ್ಕಳಿಗೆ ಇಷ್ಟೊಂದಾ?" ಅಂದರು ನಮ್ಮನೆಯವರು. ನಾನು ಉತ್ತರ ಕೊಡಲಿಲ್ಲ. ತಯಾರಿ ಅಂದರೆ ಏನು ಅಂತ ಅಡಿಕೆ ತೋಟದವರಿಗೆ ಹೇಳಿದರೆ ಅರ್ಥ ಆಗುತ್ತದಾ?

29ರ ಬೆಳಿಗ್ಗೆ ಚಾರ್ಟಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಬೀಗದ ಕೈ ಇಲ್ಲ.

ನಮ್ಮ ಶಾಲೆಯ ಬೀಗದ ಕೈ ಸುಮ್ನೆ ಕಳೆದು ಹೋಗುವಂಥದ್ದಲ್ಲ. ಗೇಣುದ್ದದ ಅಡಿಕೆ ದಬ್ಬೆಗೆ, ಅಂದರೆ ಅಡಿಕೆ ಮರದ ಸೀಳಿಗೆ ಕಟ್ಟಿಟ್ಟಿರುತ್ತೇವೆ. ಅದನ್ನು ಬಟ್ಟೆ ಚೀಲದಲ್ಲಿ ಹಾಕಿ ಗೋಡೆಯ ಮೊಳೆಗೆ ನೇತು ಹಾಕಿದ್ದೆ. ಚೀಲವೂ ಇರಲಿಲ್ಲ. ಮನೆ ಎಲ್ಲ ಹುಡುಕಿ, ಅತ್ತೆಯನ್ನು ಕೇಳುವಷ್ಟರಲ್ಲಿ ಬೆಂಗಳೂರಿನಿಂದ ನನ್ನ ಓರಗಿತ್ತಿಯ ಫೋನ್ ಬಂತು. "ಅಕ್ಕ, ಅತ್ತೆ ಕಳಿಸಿದ ಹಲಸಿನ ಹಪ್ಪಳ ಬಂತು. ಅಡಿಯಲ್ಲಿ ಒಂದು ದಬ್ಬೆ ತುಂಡು ಇದೆಯಲ್ಲ, ಅದನ್ನೂ ಕರಿಯೋದಾ?"

ಇನ್ನೊಂದು ಬೀಗದ ಕೈ ಹೆಡ್ ಮೇಷ್ಟ್ರ ಹತ್ತಿರ. ಅವರು ಅವತ್ತೇ ತರಬೇತಿಗೆ ಅಂತ ಶಿವಮೊಗ್ಗಕ್ಕೆ ಹೋಗಿದ್ದರು, ಬೀಗದ ಕೈಯನ್ನು ಜೇಬಲ್ಲೇ ಇಟ್ಟುಕೊಂಡು. ನಾನೂ ಬಿಸಿಯೂಟದ ಅಕ್ಕನೂ ಜಗಲಿಯಲ್ಲಿ ಮುಖ ಮುಖ ನೋಡಿಕೊಂಡು ಕೂತೆವು. ಐದನೇ ಕ್ಲಾಸಿನ ಹುಡುಗ ಒಬ್ಬ ಸ್ವಲ್ಪ ಹೊತ್ತು ನಮ್ಮನ್ನು ನೋಡಿದ. ಆಮೇಲೆ ನಿಧಾನಕ್ಕೆ, "ಟೀಚರ್, ಅಡುಗೆ ಮನೆ ಕಿಟಕಿಯಲ್ಲಿ ಎಡಗಡೆ ಸರಳು ಕೈಗೆ ಬರ್ತದೆ" ಅಂದ.

ಬಂತು. ಅವನು ಒಳಗೆ ನುಸುಳಿ ಹಿಂಬಾಗಿಲ ಚಿಲಕ ತೆಗೆದ. ಕತ್ತಲಲ್ಲಿ ಒಂದು ಪಾತ್ರೆಗೂ ಕಾಲು ತಾಗಿಸಲಿಲ್ಲ. ಎರಡು ವರ್ಷದ ಹಿಂದೆ ಶೇಂಗಾ ಚಿಕ್ಕಿಯ ಲೆಕ್ಕ ಯಾಕೆ ತಪ್ಪುತ್ತಿತ್ತು ಅನ್ನುವುದು ನನಗೂ ಅಕ್ಕನಿಗೂ ಒಟ್ಟಿಗೇ ಹೊಳೆಯಿತು. ಇಬ್ಬರೂ ಏನೂ ಮಾತಾಡಲಿಲ್ಲ. ಉಪಕಾರ ಮಾಡಿದವನನ್ನು ಅದೇ ನಿಮಿಷ ಬೈಯುವುದು ಸರಿಯಲ್ಲ ಅಲ್ವಾ?

ಒಳಗೆ ಒರಲೆ ಹಿಡಿದಿತ್ತು. ಮರದ ಕಪಾಟಿನಲ್ಲಿದ್ದ ನಲಿಕಲಿ ಕಾರ್ಡುಗಳ ಮೇಲೆ ಮಣ್ಣಿನ ಗೆರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂತು, ಒಂದೊಂದೇ ಕಾರ್ಡು ಮುಗಿಸಿ, ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತಬೇಕು, ಒಂದು ಮೈಲಿಗಲ್ಲು ದಾಟಿದ ಮೇಲೆ ಮುಂದಿನದು. ಒರಲೆಗಳು ನಿಯಮ ಓದಿಕೊಂಡೇ ಬಂದ ಹಾಗಿತ್ತು. ಮೊದಲನೇ ಮೈಲಿಗಲ್ಲಿನಿಂದ ಶುರು ಮಾಡಿ ಒಂದನ್ನೂ ಬಿಡದೆ ಕ್ರಮವಾಗಿ ತಿಂದು ಐದನೆಯದಕ್ಕೆ ಬಂದಿದ್ದವು. ನನ್ನ ಹದಿಮೂರು ವರ್ಷದ ಸರ್ವಿಸಿನಲ್ಲಿ ಇಷ್ಟು ಶಿಸ್ತಾಗಿ ಏಣಿ ಹತ್ತಿದ ಮಕ್ಕಳನ್ನು ನಾನು ನೋಡಿಲ್ಲ.

ಗುಡಿಸಿ ತೊಳೆಯುವುದರಲ್ಲಿ ಮಧ್ಯಾಹ್ನ ಆಯಿತು. ಆಮೇಲೆ ದಾಖಲಾತಿ ಆಂದೋಲನ. ಹೆಸರು ದೊಡ್ಡದು, ಆಂದೋಲನದಲ್ಲಿ ಇದ್ದವಳು ನಾನೊಬ್ಬಳೇ. ಊರಲ್ಲಿ ಒಂದನೇ ಕ್ಲಾಸಿಗೆ ಬರುವ ವಯಸ್ಸಿನ ಮಗು ಇದ್ದದ್ದೂ ಒಂದೇ. ಗದ್ದೆ ದಾಟಿ, ಸಂಕ ದಾಟಿ ಆ ಮನೆಗೆ ಹೋದೆ. ಮಗು ಅಜ್ಜಿಯ ಸೆರಗಿನ ಹಿಂದೆ ಇತ್ತು, ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಜ್ಜಿ. ಯಾವಾಗ ಹುಟ್ಟಿದ್ದು?"

"ರೋಹಿಣಿ ಮಳೇಲಿ."

ರೋಹಿಣಿ ಮಳೆ ಅಂದರೆ ಮೇ 25ರಿಂದ ಜೂನ್ 7ರ ತನಕ. ಸರಿಯಾಗಿ ಜೂನ್ 1 ನಡುವೆ ಕೂತಿದೆ. "ರೋಹಿಣಿ ಶುರುವಲ್ಲೋ, ಕೊನೆಯಲ್ಲೋ?"

ಅಜ್ಜಿ ಸೂರು ನೋಡಿ ಯೋಚನೆ ಮಾಡಿದರು. "ಕೊಟ್ಟಿಗೆಗೆ ಸೋಗೆ ಹೊದಿಸ್ತಾ ಇದ್ರು. ಅರ್ಧ ಆಗಿತ್ತು ನೋಡಿ."

ನಾನೂ ಪುಸ್ತಕದಲ್ಲಿ 'ಅರ್ಧ ಸೋಗೆ' ಅಂತ ಬರೆದುಕೊಂಡೆ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶದಲ್ಲಿ ಜಾತಿ, ಧರ್ಮ, ಮಾತೃಭಾಷೆ ಎಲ್ಲಕ್ಕೂ ಜಾಗ ಇದೆ, ಸೋಗೆಗೆ ಇಲ್ಲ. ಜನನ ಪ್ರಮಾಣಪತ್ರ ಅಟ್ಟದ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಮೇ 28. ಅಜ್ಜಿ "ನಾ ಹೇಳ್ಲಿಲ್ವಾ?" ಅನ್ನುವ ಹಾಗೆ ನೋಡಿದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಕಾಲಿಗೆ ಬಿತ್ತು. "ಅಯ್ಯೋ ಟೀಚರ್ರೇ, ಉಂಬಳ!" ಎಲೆ ಅಡಿಕೆ ಚೀಲದಿಂದ ಸುಣ್ಣ ತೆಗೆದು ಆ ಜಿಗಣೆಗೆ ಅವರೇ ಮುಟ್ಟಿಸಿದರು. ಮಗು ಸೆರಗಿನಿಂದ ಪೂರ್ತಿ ಹೊರಗೆ ಬಂದು ನನ್ನ ರಕ್ತವನ್ನು ಕುತೂಹಲದಿಂದ ನೋಡಿತು. ಶಾಲೆಯ ಬಗ್ಗೆ ಅದಕ್ಕೆ ಮೊದಲ ಸಲ ಒಳ್ಳೆ ಅಭಿಪ್ರಾಯ ಬಂದದ್ದು ಆವಾಗಲೇ ಅನ್ನಿಸುತ್ತದೆ.

ಪ್ರಾರಂಭೋತ್ಸವದ ದಿನ ಮಾವಿನ ತೋರಣ, ಶಾವಿಗೆ ಪಾಯಸ, ಗೋಡೆ ತುಂಬ ನನ್ನ ಚಾರ್ಟು. ಹೆಡ್ ಮೇಷ್ಟ್ರು ಭಾಷಣಕ್ಕೆ ನಿಂತರು. ಮಳೆಯೂ ಶುರುವಾಯಿತು. ಜಗಲಿಯ ತಗಡಿನ ಮೇಲೆ ಬೀಳುವ ಸದ್ದಿಗೆ ಅವರ ಬಾಯಿ ಮಾತ್ರ ಆಡುವುದು ಕಾಣುತ್ತಿತ್ತು, ನಾವು ಆಗಾಗ ಅಂದಾಜಿನ ಮೇಲೆ ಚಪ್ಪಾಳೆ ಹೊಡೆದೆವು. ಆಗ ಹಿಂದಿನಿಂದ ಟಪ್ ಅಂತ ಸದ್ದು. ಪ್ರಾಣಿಗಳು ಬಿದ್ದವು. ಸ್ವಲ್ಪ ಹೊತ್ತಿಗೆ ಪಕ್ಷಿಗಳು. ಏಳು ವಾರ ತಲೆ ಕೆಡಿಸಿಕೊಂಡು ಕಾಗದಕ್ಕೆ ನೀರು ತಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸಿದವಳಿಗೆ, ಥಂಡಿ ಹಿಡಿದ ಗೋಡೆಗೆ ಟೇಪು ಅಂಟುವುದಿಲ್ಲ ಅನ್ನುವುದು ಹೊಳೆದಿರಲಿಲ್ಲ. ಭಾಷಣ ಮುಗಿಯುವಾಗ ಕಾಗುಣಿತ ಒಂದೇ, ಅದೂ ಒಂದು ಮೂಲೆಯಲ್ಲಿ ನೇತಾಡಿಕೊಂಡು ಉಳಿದಿತ್ತು.

ಮೂರೂವರೆಗೂ ಮಳೆ ಬಿಡಲಿಲ್ಲ. ನಾಲ್ಕೈದು ಮಕ್ಕಳು ಕೊಡೆ ತಂದಿರಲಿಲ್ಲ. ನಾನು ಕಚೇರಿಯಲ್ಲಿ ಹಾಜರಿ ಪುಸ್ತಕ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ಕಿಟಕಿಯ ಹುಡುಗ ಎಲ್ಲರಿಗೂ ಚಾರ್ಟು ಹಂಚಿ ಆಗಿತ್ತು. ಎರಡರಿಂದ ಹತ್ತರವರೆಗಿನ ಮಗ್ಗಿ ಗದ್ದೆ ಅಂಚಿನಲ್ಲಿ ಓಡುತ್ತಿತ್ತು. ಅದರ ಹಿಂದೆ ಪ್ರಾಣಿಗಳು, ಅದರ ಹಿಂದೆ ಪಕ್ಷಿಗಳು, ಒಂದು ಹನಿಯೂ ಒಳಗೆ ಇಳಿಯದ ಹಾಗೆ.

"ಹೋಯ್, ನಾಳೆ ವಾಪಸ್ ತರ್ಬೇಕು!" ಅಂತ ಕೂಗಿದೆ.

ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದ ಅಜ್ಜಿ ಕಾಗುಣಿತವನ್ನು ಗೋಡೆಯಿಂದ ಬಿಡಿಸಿ ಅವನ ತಲೆ ಮೇಲೆ ಇಟ್ಟರು. ಹೊರಡುವ ಮೊದಲು ತಿರುಗಿ, "ಟೀಚರ್ರೇ, ಇನ್ನೊಂದು ಇದ್ಯಾ? ನಂಗೂ ಆಗ್ತಿತ್ತು" ಅಂದರು.