ಬೆಲೆ ಇಳಿಸಲು ಮುಹೂರ್ತವಿಲ್ಲ

ಡಿಸೆಂಬರ್ ನಡುವಿನಲ್ಲಿ ಸೂರ್ಯನು ಧನು ರಾಶಿಯನ್ನು ಹೊಕ್ಕನೆಂದರೆ, ಸಂಕ್ರಾಂತಿ ಕಳೆಯುವವರೆಗೆ ಮೈಸೂರಿನಲ್ಲಿ ಮನೆ ಕೊಳ್ಳುವ ಮಾತನ್ನು ಹೆಚ್ಚಿನವರು ಎತ್ತುವುದಿಲ್ಲ. ನಸುಕಿನಲ್ಲೆದ್ದು ದೇವರಿಗೆ ಪೂಜೆ ಮಾಡಿ ಬಿಸಿ ಹುಗ್ಗಿ ತಿನ್ನುವುದಕ್ಕೆಂದು ಹಿರಿಯರು ಎತ್ತಿಟ್ಟ ತಿಂಗಳಿಗೆ ನಾವು ಶೂನ್ಯಮಾಸವೆಂದು ಹೆಸರಿಟ್ಟು, ಮದುವೆ, ಗೃಹಪ್ರವೇಶ, ಕ್ರಯಪತ್ರ ಎಲ್ಲವನ್ನೂ ಮುಂದಕ್ಕೆ ತಳ್ಳಿ ಕುಳಿತಿರುತ್ತೇವೆ. ಕೊಳ್ಳುವವರಿಲ್ಲದಾಗ ಬೆಲೆ ಇಳಿಯುತ್ತದೆಂಬುದು ದೇವರಾಜ ಮಾರುಕಟ್ಟೆಯಲ್ಲಿ ಕತ್ತಲಾದ ಮೇಲೆ ಕೊತ್ತಂಬರಿ ಸೊಪ್ಪು ಕೊಂಡವರಿಗೆಲ್ಲ ಗೊತ್ತಿರುವ ಅರ್ಥಶಾಸ್ತ್ರ. ಆ ಅರ್ಥಶಾಸ್ತ್ರವನ್ನು ನಂಬಿ ನಾನು ಈ ಧನುರ್ಮಾಸದಲ್ಲಿ ಮನೆ ಹುಡುಕಲು ಹೊರಟೆ.

ಬ್ರೋಕರ್ ಮಹಾಶಯರು ಬೆಳಿಗ್ಗೆ ಏಳಕ್ಕೇ ದಟ್ಟಗಳ್ಳಿಗೆ ಬರಹೇಳಿದರು. ಮಹಡಿಗೆ ಹತ್ತಿಸಿ, ಹತ್ತು ಮಾರಿನಾಚೆಯ ತೆಂಗಿನಮರವೂ ಕಾಣದಂತೆ ಕವಿದಿದ್ದ ಮಂಜಿನತ್ತ ಕೈ ಚಾಚಿ, “ಬೆಟ್ಟ ನೋಡಿ ಸಾರ್, ಎದ್ದ ತಕ್ಷಣ ಅಮ್ಮನವರ ದರ್ಶನ” ಎಂದರು. ಕಾಣದ ಬೆಟ್ಟಕ್ಕೆ ನಾನು ಕೈಮುಗಿದೆ. ರಿಂಗ್ ರೋಡ್ ಎಷ್ಟು ದೂರವೆಂದು ಕೇಳಿದಾಗ ಅವರ ಕೈ ಅದೇ ಮಂಜಿನ ಇನ್ನೊಂದು ದಿಕ್ಕಿಗೆ ಹೊರಳಿತು. ಬೆಂಗಳೂರಿನ ಹೆದ್ದಾರಿಗೆ 2023ರಲ್ಲಿ ಉದ್ಘಾಟನೆಯಾದಂದಿನಿಂದ ನಮ್ಮೂರಿನ ಪ್ರತಿ ಮನೆಯೂ ಬೆಂಗಳೂರಿಗೆ ಒಂದೂವರೆ ಗಂಟೆಯ ದೂರದಲ್ಲಿದೆ. ಮನೆಯಿಂದ ಹೆದ್ದಾರಿಯವರೆಗಿನ ಮುಕ್ಕಾಲು ಗಂಟೆಯನ್ನು ಯಾವ ಬ್ರೋಕರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಮಂಕಿ ಕ್ಯಾಪು, ಸ್ವೆಟರು ತೊಟ್ಟ ಯಜಮಾನರು ಹಾಲ್‌ನಲ್ಲಿ ಕೂರಿಸಿ ಕಾಫಿ ಕೊಟ್ಟರು. ಗೋಡೆಗಳಿಗೆಲ್ಲ ಹೊಸ ಬಣ್ಣ ಬಳಿದಿತ್ತು. ಪಡುವಣ ಗೋಡೆಯ ಮೇಲೆ ಮಾತ್ರ ಪಂಚಾಂಗದ ಕ್ಯಾಲೆಂಡರೊಂದು, ನಿಂತವರ ಕಣ್ಣಿನ ಮಟ್ಟದಲ್ಲಲ್ಲ, ಮೊಣಕಾಲಿನ ಮಟ್ಟದಲ್ಲಿ ತೂಗುತ್ತಿತ್ತು. ರಾಹುಕಾಲ ನೋಡಬೇಕಾದರೆ ಮನೆಮಂದಿಯೆಲ್ಲ ನೆಲಕ್ಕೆ ಕೂತು ನೋಡುವ ಪದ್ಧತಿಯಿರಬಹುದೆಂದು ಮೊದಲು ಭಾವಿಸಿದೆ. ಆಮೇಲೆ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ ಅದರ ತುದಿಯನ್ನು ಕೊಂಚ ಎತ್ತಿದಾಗ, ಹಿಂದೆ ಮಳೆಗಾಲದ ತೇವವು ಶ್ರೀಲಂಕಾದ ಭೂಪಟದಂತೆ ಹರಡಿಕೊಂಡಿದ್ದು ಕಂಡಿತು. ಸೋರುವ ಚಾವಣಿ, ನೀರು ನಿಲ್ಲುವ ರಸ್ತೆ, ಉಕ್ಕುವ ಮೋರಿ ಎಲ್ಲವೂ ಒಣಗಿ ಸಜ್ಜನರಂತೆ ಕಾಣುವ ಕಾಲದಲ್ಲಿಯೇ ನಾವು ಮನೆ ನೋಡಲು ಹೋಗುತ್ತೇವಲ್ಲ, ಹೆಣ್ಣಿನವರು ನೋಡಲು ಬರುವ ದಿನ ವರನು ಬೀಡಿ ಬಿಟ್ಟಂತೆಯೇ ಇದು.

ಬೆಲೆ 95 ಲಕ್ಷವೆಂದರು. ಶೂನ್ಯಮಾಸವಲ್ಲವೇ, ಕೇಳುವವರೂ ಇಲ್ಲ, ಸ್ವಲ್ಪ ಇಳಿಸಿ ಎಂದೆ. ಯಜಮಾನರ ಮುಖದ ಮೇಲೆ ನಾನು ಅವರ ದೇವರಮನೆಗೆ ಚಪ್ಪಲಿ ಮೆಟ್ಟಿ ನುಗ್ಗಿದಂಥ ನೋವು ಮೂಡಿತು.

“ಧನುರ್ಮಾಸದಲ್ಲಿ ಬೆಲೆ ಇಳಿಸೋದು ಮನೆಗೆ ಶ್ರೇಯಸ್ಸಲ್ಲ ಸ್ವಾಮಿ. ಇಳಿಸೋದಿದ್ರೂ ಉತ್ತರಾಯಣ ಬರಲಿ.”

ಈ ತಿಂಗಳಲ್ಲಿ ಕೊಳ್ಳಬಾರದು, ಮಾರಬಾರದು ಎಂಬುದು ನನಗೆ ಗೊತ್ತಿತ್ತು. ಇಳಿಸಲೂಬಾರದೆಂಬ ಶಾಸ್ತ್ರ ಹೊಸದಾಗಿತ್ತು. ಹಾಗಿದ್ದರೆ ಒಪ್ಪಂದವನ್ನು ಸಂಕ್ರಾಂತಿಯ ಮೇಲೆಯೇ ಮಾಡಿಕೊಳ್ಳೋಣವೆಂದು ಏಳಹೊರಟವನನ್ನು ಬ್ರೋಕರ್ ಭುಜ ಹಿಡಿದು ಕೂರಿಸಿದರು. ಸಹಿ ಹಾಕಲು ತಿಂಗಳು ಸರಿಯಿಲ್ಲ ನಿಜ, ಆದರೆ ಟೋಕನ್ ಅಡ್ವಾನ್ಸಿಗೆ ದೋಷವಿಲ್ಲ, 1,01,000 ರೂಪಾಯಿ ಕ್ಯಾಶ್ ಕೊಟ್ಟರೆ ಸಾಕು ಎಂದರು. ಕಾಗದಕ್ಕಿರುವ ಮೈಲಿಗೆ ನೋಟಿಗಿಲ್ಲ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಮುಟ್ಟಿದ ಮೊತ್ತವನ್ನು ನಗದಾಗಿ ಪಡೆಯಬಾರದು, ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆಯಲ್ಲ ಎಂದು ನೆನಪಿಸಿದೆ. ಪಂಚಾಂಗದ ಅಷ್ಟೂ ನಿಷೇಧಗಳನ್ನು ಬಾಯಿಪಾಠವಾಗಿ ಒಪ್ಪಿಸಿದ್ದ ಇಬ್ಬರೂ ಈ ಒಂದು ನಿಷೇಧವನ್ನು ಮಾತ್ರ ಮೊದಲ ಸಲ ಕೇಳಿದವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನದು ಎರಡು ಬೆಲೆಗಳ ಪಾಠ. ಯಜಮಾನರ ಮನೆಗೆ ಬೆಲೆ 95 ಲಕ್ಷ. ಉಪನೋಂದಣಿ ಕಚೇರಿಯ ಹೊಸ್ತಿಲು ದಾಟುತ್ತಿದ್ದಂತೆ ಅದೇ ಮನೆ ಮಾರ್ಗಸೂಚಿ ದರದ ಪ್ರಕಾರ 60 ಲಕ್ಷಕ್ಕೆ ಕುಗ್ಗುತ್ತದೆ. ನನಗಾಗಿ ಒಂದು ಲಕ್ಷವೂ ಇಳಿಯದ ಮನೆ ಸರ್ಕಾರಕ್ಕಾಗಿ ಒಂದೇ ಏಟಿಗೆ 35 ಲಕ್ಷ ಇಳಿಯುವುದನ್ನು ಕಂಡು ನನಗೆ ಸರ್ಕಾರದ ಮೇಲೆ ಅಸೂಯೆಯಾಯಿತು. ಸರ್ಕಾರವೂ ಏನು ಕಡಿಮೆಯದಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿ, ಶೇ. 5ರ ಮುದ್ರಾಂಕ ಶುಲ್ಕಕ್ಕೂ ಅದರ ಮೇಲಿನ ಸೆಸ್ಸು, ಸರ್‌ಚಾರ್ಜುಗಳಿಗೂ ಜೊತೆಗೂಡಿಸಿ ಒಟ್ಟು ಶೇ. 7.6ಕ್ಕೆ ತಂದು ನಿಲ್ಲಿಸಿದೆ. 60 ಲಕ್ಷಕ್ಕೆ ಅದು 4,56,000 ರೂಪಾಯಿ. ಈ ಏರಿಕೆಗೆ ಯಾರೂ ಪಂಚಾಂಗ ತೆರೆದು ನೋಡಿದ್ದು ನಾನರಿಯೆ. ಮೈಸೂರಿಗೆ ನಗರಸುಧಾರಣಾ ಮಂಡಳಿ ಬಂದದ್ದು 1903ರಲ್ಲಿ. ಪ್ಲೇಗಿನ ನೆನಪು ಹಸಿಯಾಗಿದ್ದ ಆ ಕಾಲದಲ್ಲಿ ಜನರಿಗೆ ಗಾಳಿ ಬೆಳಕಿನ ಮನೆ ಸಿಗಲೆಂಬ ಆಸೆ ಅದರ ಹಿಂದಿತ್ತು. ಈಗ ಗಾಳಿ ಬೆಳಕು ಇದ್ದಲ್ಲಿ ಇ-ಖಾತೆ ಇರುವುದಿಲ್ಲ, ಇ-ಖಾತೆ ಇದ್ದಲ್ಲಿ ಎರಡು ಮನೆಗಳ ನಡುವೆ ಬೆಕ್ಕು ತೂರುವಷ್ಟೂ ಸಂದಿಯಿರುವುದಿಲ್ಲ.

ಇಷ್ಟಾದರೂ ನಾನು ಕಾದೆ. ಶೂನ್ಯಮಾಸದಲ್ಲಿಯೂ ಬಾಡಿಗೆ ತಪ್ಪಲಿಲ್ಲ, ಮನೆಸಾಲದ ಬಡ್ಡಿದರ ಹೇಳಲು ಬ್ಯಾಂಕಿನಿಂದ ಬರುವ ಫೋನೂ ತಪ್ಪಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಮತ್ತೆ ದಟ್ಟಗಳ್ಳಿಗೆ ಹೋದೆ. ಮಂಜು ಕರಗಿ ಬಿಸಿಲು ಬಿದ್ದಿತ್ತು. ಮಹಡಿಯಿಂದ ಎದುರುಮನೆಯ ಸಿಂಟೆಕ್ಸ್ ಟ್ಯಾಂಕು ಸ್ಪಷ್ಟವಾಗಿ ಕಾಣುತ್ತಿತ್ತು. ಬೆಟ್ಟ ಅದರ ಹಿಂದೆ ಎಲ್ಲೋ ಇದ್ದಿರಬೇಕು. ಹಾಲ್‌ನ ಪಡುವಣ ಗೋಡೆಗೆ ಹೊಸ ವರ್ಷದ ಕ್ಯಾಲೆಂಡರ್ ಬಂದಿತ್ತು, ಹಳೆಯದಕ್ಕಿಂತ ಒಂದು ಗೇಣು ದೊಡ್ಡದು. ಯಜಮಾನರ ಮನೆಯವರು ನನ್ನ ಹೆಂಡತಿಗೆ ಅರಿಶಿನ ಕುಂಕುಮ, ಕಬ್ಬು, ಸಕ್ಕರೆ ಅಚ್ಚು ಕೊಟ್ಟರು. ಯಜಮಾನರು ಎಳ್ಳುಬೆಲ್ಲದ ಬಟ್ಟಲನ್ನು ನನ್ನ ಮುಂದೆ ಸರಿಸಿ, “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ” ಎಂದು ನಕ್ಕರು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅಂದು ಕೊಟ್ಟ ಮಾತನ್ನು ನೆನಪಿಸಿದೆ. ಅವರೂ ಒಂದು ಚಿಟಿಕೆ ಹಾಕಿಕೊಂಡು, ಕೊಬ್ಬರಿ ಚೂರು ಪೂರ್ತಿ ಅಗಿದು ನುಂಗುವವರೆಗೆ ಸಾವಧಾನವಾಗಿದ್ದು, ತಮ್ಮ ಒಳ್ಳೆಯ ಮಾತನ್ನು ಆಡಿದರು.

“ಉತ್ತರಾಯಣ ಬಂತಲ್ಲ ಸ್ವಾಮಿ, ಈಗ ಪಾರ್ಟಿಗಳು ಕ್ಯೂ ನಿಂತಿದ್ದಾರೆ. ಒಂದು ಕೋಟಿ ಮಾಡಿಬಿಡಿ.”

ಗೇಟಿನವರೆಗೆ ಬಂದ ಬ್ರೋಕರ್ ಬೇಸರ ಮಾಡಿಕೊಳ್ಳಬಾರದೆಂದು ನನಗೆ ಸಮಾಧಾನ ಹೇಳಿದರು. ಆಷಾಢದಲ್ಲಿ ಮಾರುಕಟ್ಟೆ ಮತ್ತೆ ಮಲಗುತ್ತದಂತೆ, ಆಗ ಬಂದರೆ ಕೂತು ಮಾತಾಡಬಹುದಂತೆ.