ಪಾಪರ್ ಚೀಟಿಗೂ ಚಾಪ್ಟರ್ ಸೆವೆನ್‌ಗೂ ನಡುವೆ

ಸಾಲ ತೀರಿಸಲಾಗದೆ ಕೈ ಎತ್ತಿದವನನ್ನು ನಮ್ಮ ಕಡೆ ‘ಪಾಪರ್ ಚೀಟಿ ತಗೊಂಡ’ ಅನ್ನುತ್ತಾರೆ. ಆಂಧ್ರದ ಗಡಿಗೆ ತಾಗಿದ ಊರುಗಳಲ್ಲಾದರೆ ‘ಐಪಿ ಹಾಕಿದ’. ಎರಡೂ ಬೈಗುಳಕ್ಕೆ ಒಂದು ಗೇಣು ದೂರದ ಮಾತುಗಳು. ಅಮೆರಿಕದಲ್ಲಿ ಅದನ್ನೇ ‘ಚಾಪ್ಟರ್ ಸೆವೆನ್ ಫೈಲ್ ಮಾಡಿದ’ ಅನ್ನುತ್ತಾರೆ, ಟ್ಯಾಕ್ಸ್ ಫೈಲ್ ಮಾಡಿದ ಅನ್ನುವ ದನಿಯಲ್ಲೇ. ಇಲ್ಲಿನ ಕನ್ನಡಿಗರು ಲಾಯರ ಬಾಗಿಲು ತಟ್ಟಲು ಎರಡು ವರ್ಷ ತಡ ಮಾಡುವುದು ಆ ಹಳೆಯ ಮಾತಿಗೆ ಅಂಜಿ. ಅದು ಅರ್ಥವಾಗುತ್ತದೆ. ವಿಚಿತ್ರವೆಂದರೆ, ಕೊನೆಗೂ ಅರ್ಜಿ ಹಾಕಲು ಹೊರಟಾಗ ಅವರ ಕೇಸು ಕೆಡುವುದು ಕೆಟ್ಟ ಬುದ್ಧಿಯಿಂದಲ್ಲ. ಊರಿನಲ್ಲಿ ಮರ್ಯಾದಸ್ಥರು ಮಾಡುವ ಕೆಲಸಗಳನ್ನೇ ಇಲ್ಲಿಯೂ ಮಾಡುವುದರಿಂದ.

ಅಮೆರಿಕದ ದಿವಾಳಿ ಕಾನೂನಿನ ವ್ಯವಸ್ಥೆ ಇಷ್ಟು: ಚಾಪ್ಟರ್ 7ರಲ್ಲಿ ಕಾನೂನು ಬಿಟ್ಟುಕೊಟ್ಟಷ್ಟು ಆಸ್ತಿ ನಿಮ್ಮಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಸಾಲ ಕೊಟ್ಟವರ ಪರವಾಗಿ ಕೇಸು ನೋಡಿಕೊಳ್ಳಲು ನೇಮಕವಾದ ಟ್ರಸ್ಟಿಯ ಕೈಗೆ, ಕಾರ್ಡಿನ ಸಾಲ ಆಸ್ಪತ್ರೆ ಬಿಲ್ಲು ಸುಮಾರು ನಾಲ್ಕು ತಿಂಗಳಲ್ಲಿ ಮನ್ನಾ. ಚಾಪ್ಟರ್ 13ರಲ್ಲಿ ಆಸ್ತಿ ಬಿಡಬೇಕಿಲ್ಲ, ಆದರೆ 3ರಿಂದ 5 ವರ್ಷ ತಿಂಗಳು ತಿಂಗಳು ಕಂತು ಕಟ್ಟಬೇಕು. ಕೋರ್ಟಿನ ಶುಲ್ಕ ಮೊದಲನೆಯದಕ್ಕೆ 338 ಡಾಲರ್, ಎರಡನೆಯದಕ್ಕೆ 313.

ಕೆಡಿಸುವ ಅಭ್ಯಾಸಗಳಲ್ಲಿ ಮೊದಲನೆಯದು ಸಾಲ ತೀರಿಸುವ ಸರದಿ. ಮುಳುಗುವ ಹೊತ್ತಿಗೆ ನಾವು ಮಾವನ ಕೈಗಡ ಮೊದಲು ತೀರಿಸುತ್ತೇವೆ, ಬ್ಯಾಂಕಿನದು ಆಮೇಲೆ ನೋಡೋಣ ಅನ್ನುತ್ತೇವೆ. ಬ್ಯಾಂಕಿಗೆ ಮುಖವಿಲ್ಲ, ಮಾವನ ಮುಖವನ್ನು ಹಬ್ಬಕ್ಕೆ ನೋಡಬೇಕು. ಇಲ್ಲಿನ ಕಾನೂನಿಗೆ ಇದೇ ಆಗದು. ಅರ್ಜಿಗೆ ಹಿಂದಿನ 90 ದಿನದಲ್ಲಿ ಸಾಲ ಕೊಟ್ಟ ಒಬ್ಬನಿಗೆ ಹೆಚ್ಚು ತೀರಿಸಿ ಇನ್ನೊಬ್ಬನನ್ನು ಬಿಟ್ಟಿದ್ದರೆ ಟ್ರಸ್ಟಿ ಆ ಹಣವನ್ನು ವಾಪಸು ಕೇಳಬಹುದು. ಪಡೆದವರು ನೆಂಟರಾದರೆ 90 ದಿನವಲ್ಲ, ಪೂರಾ ಒಂದು ವರ್ಷ. ಡಲ್ಲಾಸಿನ ಭಾವಮೈದುನನಿಗೆ ಎಂಟು ತಿಂಗಳ ಹಿಂದೆ ಕೊಟ್ಟ 12,000 ಡಾಲರನ್ನು ಹಿಂದಿರುಗಿಸು ಎಂಬ ಪತ್ರ ಅವನ ಮನೆಗೇ ಹೋಗುತ್ತದೆ. ಉಳಿಸಲು ಹೊರಟ ಸಂಬಂಧ ಅಲ್ಲಿಗೆ ಮುಗಿಯಿತು. ಕೊಟ್ಟಾಗಿದ್ದರೆ ಮುಚ್ಚಿಡದೆ ಲಾಯರಿಗೆ ತಾರೀಖು ಸಮೇತ ಹೇಳಿ. ವರ್ಷ ತುಂಬುವವರೆಗೆ ಕಾಯುವುದು ಎಷ್ಟೋ ಸಲ ಸಾಕಾಗುತ್ತದೆ. ಕೊಟ್ಟಿಲ್ಲದಿದ್ದರೆ ಕೊಡಬೇಡಿ, ಆದರೆ ಮಾವನ ಹೆಸರನ್ನು ಸಾಲ ಕೊಟ್ಟವರ ಪಟ್ಟಿಯಲ್ಲಿ ಬರೆಯಲೇಬೇಕು. ಕೋರ್ಟಿನ ನೋಟಿಸು ಅವರಿಗೂ ಹೋಗುತ್ತದೆ, ಹೋಗಲಿ. ಸಾಲ ಮನ್ನಾ ಆದ ಮೇಲೆ ಸ್ವಂತ ಇಷ್ಟದಿಂದ ಅವರಿಗೆ ಪೂರ್ತಿ ಕೊಡುವುದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ.

ಎರಡನೆಯದು, ಕೂಡಿಟ್ಟಿದ್ದನ್ನು ಕರಗಿಸಿಯಾದರೂ ಸಾಲ ತೀರಿಸುವ ಹಟ. ಕಂಪನಿಯ ಮೂಲಕ ನಿವೃತ್ತಿಗೆಂದು ಕೂಡಿಡುವ 401ಕೆ ಖಾತೆಯ ಹಣಕ್ಕೆ ದಿವಾಳಿಯಲ್ಲಿ ಸಂಪೂರ್ಣ ರಕ್ಷಣೆ ಇದೆ, ಟ್ರಸ್ಟಿ ಮುಟ್ಟುವಂತಿಲ್ಲ. ಅದನ್ನು ಒಡೆದು, ತೆರಿಗೆಯ ಜೊತೆಗೆ ಶೇ. 10 ದಂಡವನ್ನೂ ಕಟ್ಟಿ, ಕಾರ್ಡಿನವರಿಗೆ ಸುರಿದು, ಆರು ತಿಂಗಳಾದ ಮೇಲೆ ಹೇಗೂ ಅರ್ಜಿ ಹಾಕುವವರು ನಮ್ಮಲ್ಲಿ ಬಹಳ. ಮನ್ನಾ ಆಗುತ್ತಿದ್ದ ಸಾಲಕ್ಕೆ ಯಾರೂ ಮುಟ್ಟಲಾಗದ ಹಣ ಕೊಟ್ಟಂತಾಯಿತು. ಊರಿನ ಪಿಎಫ್ ಖಾತೆಗೂ ಇದೇ ರಕ್ಷಣೆ ಇದೆ ಎಂದು ಮಾತ್ರ ನೀವೇ ಊಹಿಸಿಕೊಳ್ಳಬೇಡಿ.

ಮೂರನೆಯದು ಚಿನ್ನ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜನ ಸುಳ್ಳು ಬರೆಯುವುದು ಇಲ್ಲೇ. ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಕೇಂದ್ರದ ವಿನಾಯಿತಿ ಪಟ್ಟಿಯನ್ನೇ (ಯಾವ ಆಸ್ತಿ ಎಷ್ಟು ಬೆಲೆಯವರೆಗೆ ನಿಮ್ಮಲ್ಲೇ ಉಳಿಯುತ್ತದೆಂಬ ಪಟ್ಟಿ) ಆರಿಸಿಕೊಳ್ಳುತ್ತಾರೆ; ರಾಜ್ಯದ್ದು ತೀರಾ ಜಿಪುಣ. 2025ರ ಏಪ್ರಿಲ್ 1ರಿಂದ ಆ ಪಟ್ಟಿಯಲ್ಲಿ ಒಡವೆಗೆ 2,125 ಡಾಲರ್ ಇದೆ, ಈಗಿನ ದರದಲ್ಲಿ ಎರಡು ಸಣ್ಣ ಬಳೆ ಬಂದರೆ ಹೆಚ್ಚು. ಇದನ್ನು ನೋಡಿದ ತಕ್ಷಣ ಮಾಂಗಲ್ಯವೂ ಹೋಯಿತು ಅಂತ ಕಂಗಾಲಾಗುತ್ತಾರೆ, ಡಬ್ಬ ತಂಗಿಯ ಮನೆಗೆ ಸಾಗುತ್ತದೆ. ಅದೇ ಪಟ್ಟಿಯಲ್ಲಿ ಯಾವ ವಸ್ತುವಿಗಾದರೂ ಹಚ್ಚಬಹುದಾದ ‘ವೈಲ್ಡ್‌ಕಾರ್ಡ್’ ವಿನಾಯಿತಿ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ: 1,675 ಡಾಲರ್, ಜೊತೆಗೆ ಮನೆಯ ವಿನಾಯಿತಿಯಲ್ಲಿ ಬಳಸದೆ ಉಳಿದದ್ದರಲ್ಲಿ 15,800ರವರೆಗೆ. ಬಾಡಿಗೆ ಮನೆಯಲ್ಲಿರುವ ಗಂಡ ಹೆಂಡತಿ ಜಂಟಿಯಾಗಿ ಅರ್ಜಿ ಹಾಕಿದರೆ ಎಲ್ಲವೂ ಇಮ್ಮಡಿ. ಕೂಡಿದರೆ 39,200 ಡಾಲರ್ ಬೆಲೆಯ ಚಿನ್ನವನ್ನು ಕಾನೂನಿನ ಎದುರಿಗೇ ಇಟ್ಟುಕೊಳ್ಳಬಹುದು, ಉಳಿದ ನಗದಿಗೂ ಕಾರಿಗೂ ವೈಲ್ಡ್‌ಕಾರ್ಡ್ ಖರ್ಚಾಗಿರದಿದ್ದರೆ. ಬೆಲೆ ಬರೆಯುವಾಗ ಇಂದು ಮಾರಿದರೆ ಸಿಗುವ ಹಳೇ ಚಿನ್ನದ ದರ ಹಾಕಬೇಕು. ಮಜೂರಿ, ವೇಸ್ಟೇಜ್ ಸೇರಿದ ಅಂಗಡಿ ಬಿಲ್ಲಿನ ಮೊತ್ತವಲ್ಲ. ಹರಳು ಬಿಟ್ಟು ತೂಕ, ಕ್ಯಾರೆಟ್ ಒಂದು ಹಾಳೆಯಲ್ಲಿ ಬರೆದಿಡಿ. ಗಂಡನೊಬ್ಬನೇ ಅರ್ಜಿ ಹಾಕುತ್ತಿದ್ದರೆ ಹೆಂಡತಿಯ ಸ್ತ್ರೀಧನ ಅವನ ಆಸ್ತಿಯಲ್ಲ, ಆದರೆ ಅದು ಅವಳದೆಂದು ತೋರಿಸಲು ಮದುವೆ ಫೋಟೊವಾದರೂ ಇರಲಿ.

ಫಾರ್ಮು ಬರೆದವರಿಗೆ ನಮ್ಮ ಮನೆಗಳ ಪರಿಚಯವಿತ್ತೇನೋ ಅನ್ನಿಸುವಷ್ಟು ಪ್ರಶ್ನೆಗಳಿವೆ. ಒಂದು ವರ್ಷದಲ್ಲಿ ಬ್ಯಾಂಕ್ ಲಾಕರ್ ಇತ್ತೇ? ಬೇರೆಯವರ ವಸ್ತು ನಿಮ್ಮ ಬಳಿ ಇದೆಯೇ? (ಅಮ್ಮ ಬಿಟ್ಟುಹೋದ ಸರ ಇಲ್ಲಿ ಬರುತ್ತದೆ.) ಎರಡು ವರ್ಷದಲ್ಲಿ ಒಬ್ಬರಿಗೆ 600 ಡಾಲರಿಗಿಂತ ಹೆಚ್ಚು ಉಡುಗೊರೆ ಕೊಟ್ಟಿದ್ದೀರಾ? ಅಪ್ಪನಿಗೆ ತಿಂಗಳು ತಿಂಗಳು ಕಳಿಸಿದ್ದನ್ನು ಲಾಯರಿಗೆ ತೋರಿಸಬೇಕಾದ್ದು ಈ ಪ್ರಶ್ನೆಗೆ. ದೇವಸ್ಥಾನದ ದೇಣಿಗೆಗೂ ಅದೇ 600ರ ಗೆರೆ. ವರ್ಷದ ಆದಾಯದ ಶೇ. 15ರೊಳಗಿನ ದಾನವನ್ನು ಟ್ರಸ್ಟಿ ಸಾಮಾನ್ಯವಾಗಿ ಕೆದಕುವುದಿಲ್ಲ, ಬರೆಯದಿದ್ದರೆ ಮಾತ್ರ ಕೆದಕುತ್ತಾರೆ. ಎಲ್ಲಕ್ಕೂ ಕೆಳಗೆ ಸಹಿ, ಸುಳ್ಳೆಂದು ತಿಳಿದೂ ಹಾಕಿದರೆ ಐದು ವರ್ಷದವರೆಗೆ ಜೈಲು.

ಇನ್ನು ಊರಿನ ಜಮೀನು. ಕಾನೂನಿನ ಮಾತು ಚಿಕ್ಕದು: ಆಸ್ತಿ ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ನಿಮ್ಮದಾದರೆ ಬರೆಯಿರಿ. ಅಪ್ಪನ ಸ್ವಯಾರ್ಜಿತ ಅಪ್ಪ ಇರುವವರೆಗೆ ನಿಮ್ಮದಲ್ಲ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆ ಎಂಬುದು ಉತ್ತರವಲ್ಲ. ಅರ್ಜಿಗೆ ಮುಂಚೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ‘ನನಗೇನೂ ಇಲ್ಲ’ ಅನ್ನುವುದು ಎಲ್ಲಕ್ಕಿಂತ ಕೆಟ್ಟ ಉಪಾಯ: ಎರಡು ವರ್ಷದೊಳಗಿನ ಅಂಥ ವರ್ಗಾವಣೆಯನ್ನು ಟ್ರಸ್ಟಿ ಪ್ರಶ್ನಿಸಬಹುದು, ರಾಜ್ಯದ ಕಾನೂನು ಹಿಡಿದರೆ ಸಾಮಾನ್ಯವಾಗಿ ನಾಲ್ಕು, ಮತ್ತು ಒಂದು ವರ್ಷದೊಳಗೆ ಮೋಸದ ಉದ್ದೇಶದಿಂದ ಮಾಡಿದ್ದಾದರೆ ಸಾಲಮನ್ನಾವೇ ಸಿಗದೆ ಹೋಗಬಹುದು. ಬದಲಿಗೆ ಪಹಣಿ, ವಂಶವೃಕ್ಷ, ಎಷ್ಟು ಜನ ಪಾಲುದಾರರು, ವ್ಯಾಜ್ಯವಿದ್ದರೆ ಅದರ ಕಾಗದ, ಇವನ್ನು ಇಂಗ್ಲಿಷಿಗೆ ಮಾಡಿಸಿ ಲಾಯರಿಗೆ ಕೊಡಿ. ಪಾಲಾಗದ ಎರಡೆಕರೆ, ಅದರಲ್ಲಿ ಆರನೇ ಒಂದು ಭಾಗ, ಎನ್‌ಆರ್‌ಐ ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕಾದ ಕೃಷಿಭೂಮಿ: ನೆವಾರ್ಕಿನಲ್ಲಿ ಕೂತ ಟ್ರಸ್ಟಿ ಇದನ್ನು ಮಾರಲು ಹೋದರೆ ಖರ್ಚೇ ಹೆಚ್ಚು. ಅಂಥದ್ದನ್ನು ಕೈಬಿಡುವ ಅಧಿಕಾರ ಅವರಿಗಿದೆ. ಬರೆದದ್ದನ್ನು ಕೈಬಿಡುತ್ತಾರೆ, ಮುಚ್ಚಿಟ್ಟದ್ದನ್ನು ಬಿಡುವುದಿಲ್ಲ. ಭಾರತದ ಬ್ಯಾಂಕುಗಳಲ್ಲಿ ಅನಿವಾಸಿಗಳು ಇಡುವ ಎನ್‌ಆರ್‌ಇ, ಎನ್‌ಆರ್‌ಒ ಠೇವಣಿಗಳಿಗೂ ಇದೇ ಮಾತು. ವಿದೇಶಿ ಖಾತೆಗಳ ಮೊತ್ತ 10,000 ಡಾಲರ್ ದಾಟಿದ ವರ್ಷಗಳಲ್ಲಿ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಿರುತ್ತೀರಿ. ಅಲ್ಲಿ ಒಂದು ಲೆಕ್ಕ, ಇಲ್ಲಿ ಇನ್ನೊಂದು ಆಗಬಾರದು.

ಕೆಲಸ ಹೋದ ಟೆಕ್ಕಿಗಳಿಗೆ ದಿನಾಂಕವೇ ದೊಡ್ಡ ಪ್ರಶ್ನೆ. ಚಾಪ್ಟರ್ 7ಕ್ಕೆ ನೀವು ಅರ್ಹರೇ ಎಂದು ನೋಡಲು ಅಮೆರಿಕದ ದಿವಾಳಿ ಕಾನೂನಿನ 2005ರ ತಿದ್ದುಪಡಿ ತಂದ ಮೀನ್ಸ್ ಟೆಸ್ಟ್ (ಆದಾಯದ ಪರೀಕ್ಷೆ) ಇವತ್ತಿನ ಸಂಬಳ ಕೇಳುವುದಿಲ್ಲ. ಅರ್ಜಿಯ ತಿಂಗಳಿಗೆ ಹಿಂದಿನ ಪೂರ್ತಿ ಆರು ತಿಂಗಳ ಸರಾಸರಿ ತೆಗೆದು, ಹನ್ನೆರಡರಿಂದ ಗುಣಿಸಿ, ನಿಮ್ಮ ಕುಟುಂಬದಷ್ಟೇ ಗಾತ್ರದ ಕುಟುಂಬಗಳ ರಾಜ್ಯದ ಮಧ್ಯಮ ಆದಾಯಕ್ಕೆ ಹೋಲಿಸುತ್ತದೆ. ತಿಂಗಳಿಗೆ 11,000 ಡಾಲರ್ ಬರುತ್ತಿದ್ದವರ ಕೆಲಸ ಮಾರ್ಚ್ ಕೊನೆಗೆ ಹೋಯಿತು ಅನ್ನಿ. ಮೇನಲ್ಲಿ ಅರ್ಜಿ ಹಾಕಿದರೆ ನವೆಂಬರಿನಿಂದ ಏಪ್ರಿಲ್ ಲೆಕ್ಕ, ಐದು ಸಂಬಳ, ವರ್ಷಕ್ಕೆ 1,10,000. ಆಗಸ್ಟಿನಲ್ಲಿ ಹಾಕಿದರೆ ಎರಡೇ ಸಂಬಳ, ವರ್ಷಕ್ಕೆ 44,000. ಕೆಲಸದಿಂದ ತೆಗೆಯುವಾಗ ಕೊಡುವ ಸೆವೆರೆನ್ಸ್ ಹಣ ಬಂದಿದ್ದರೆ ಅದೂ ಬಂದ ತಿಂಗಳಿಗೆ ಸೇರುತ್ತದೆ. ಆದರೆ ಎಚ್-1ಬಿ ಕೆಲಸದ ವೀಸಾದವರಿಗೆ ಕೆಲಸ ಹೋದ ಮೇಲೆ ಇರುವುದು 60 ದಿನದವರೆಗಿನ ಕಾಲಾವಕಾಶ. ಲೆಕ್ಕ ಕಾಯಿರಿ ಅನ್ನುತ್ತದೆ, ವೀಸಾ ಹೊರಡಿ ಅನ್ನುತ್ತದೆ. ಅದಕ್ಕೇ ಅಂಥವರು ಲಾಯರನ್ನು ಕಾಣಬೇಕಾದ್ದು ಕೆಲಸ ಹೋದ ವಾರದಲ್ಲೇ. ದಿವಾಳಿ ಅರ್ಜಿ ಹಾಕಿದ್ದೊಂದೇ ಕಾರಣಕ್ಕೆ ವೀಸಾ, ಗ್ರೀನ್ ಕಾರ್ಡ್ ತಪ್ಪುವುದಿಲ್ಲ. ಅದರಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ಆ ಮಾತೇ ಬೇರೆ.

ಲಾಯರ ಬಳಿ ಹೋಗುವ ಮುನ್ನ ಹೊಸ ಸಾಲ ನಿಲ್ಲಿಸಿ. ಹಿಂದಿನ 90 ದಿನದಲ್ಲಿ ಒಂದೇ ಕಂಪನಿಯ ಕಾರ್ಡಿನಲ್ಲಿ 900 ಡಾಲರಿಗಿಂತ ಹೆಚ್ಚಿನ ಐಷಾರಾಮಿ ಖರೀದಿ, 70 ದಿನದಲ್ಲಿ 1,250ಕ್ಕಿಂತ ಹೆಚ್ಚು ನಗದು ಎತ್ತಿದ್ದು, ಇವನ್ನು ಕಾನೂನು ಮೋಸವೆಂದೇ ಹಿಡಿದು ನೋಡುತ್ತದೆ, ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಸಾಲ ಕೊಟ್ಟ ಬ್ಯಾಂಕಿನಲ್ಲೇ ಸಂಬಳದ ಖಾತೆಯಿದ್ದರೆ ಬೇರೆ ಕಡೆ ತೆರೆಯಿರಿ, ಅವರು ಖಾತೆಯಿಂದಲೇ ಮುರಿದುಕೊಳ್ಳಬಹುದು. ಆರು ತಿಂಗಳ ಪೇ ಸ್ಲಿಪ್, ಎರಡು ವರ್ಷದ ಟ್ಯಾಕ್ಸ್ ರಿಟರ್ನ್, ಎಲ್ಲ ಖಾತೆಗಳ ಸ್ಟೇಟ್‌ಮೆಂಟು, ಮೂರೂ ಬ್ಯೂರೊಗಳ ಕ್ರೆಡಿಟ್ ರಿಪೋರ್ಟು ಇರಲಿ. ಕೈಸಾಲವೂ ಊರಿನ ಚೀಟಿಯೂ ಆ ರಿಪೋರ್ಟಿನಲ್ಲಿ ಬರುವುದಿಲ್ಲ, ನೀವೇ ಬರೆದುಕೊಂಡು ಹೋಗಬೇಕು. ಫೀಸು ಚಾಪ್ಟರ್ 7ಕ್ಕೆ ಸಾಮಾನ್ಯವಾಗಿ ಸಾವಿರದಿಂದ ಎರಡು ಸಾವಿರ ಡಾಲರ್ ಆಸುಪಾಸು. ಮುಂಗಡವಾಗಿ ಕೇಳುವುದು ದುರಾಸೆಯಿಂದಲ್ಲ, ಬಾಕಿ ಉಳಿದ ಫೀಸೂ ಉಳಿದ ಸಾಲಗಳ ಜೊತೆ ಮನ್ನಾ ಆಗಿಬಿಡುತ್ತದೆ ಎಂದು. ಚಾಪ್ಟರ್ 13ರಲ್ಲಿ ಕಂತಿನೊಳಗೇ ಸೇರಿಸಬಹುದು. ಕೇಳಲೇಬೇಕಾದ ಪ್ರಶ್ನೆ: ವಿದೇಶದಲ್ಲಿ ಆಸ್ತಿಯಿರುವ ಕಕ್ಷಿದಾರರ ಕೇಸು ಮಾಡಿದ್ದೀರಾ? ‘ಅದೇನೂ ಬರೆಯೋದು ಬೇಡ ಬಿಡಿ’ ಅನ್ನುವವರು ನಮ್ಮವರೇ ಆದರೂ ಎದ್ದು ಬನ್ನಿ.

ಅರ್ಜಿಗೆ ಹಿಂದಿನ 180 ದಿನದೊಳಗೆ ಒಂದು ಕ್ರೆಡಿಟ್ ಕೌನ್ಸೆಲಿಂಗ್, ಅರ್ಜಿಯಾದ ಮೇಲೆ ಇನ್ನೊಂದು ಹಣಕಾಸು ಪಾಠ. ಎರಡನೆಯದನ್ನು ಮರೆತವರ ಕೇಸು ಮನ್ನಾ ಇಲ್ಲದೆಯೇ ಮುಚ್ಚಿಹೋಗುತ್ತದೆ. ಅರ್ಜಿಯ 21ರಿಂದ 40 ದಿನದಲ್ಲಿ ಟ್ರಸ್ಟಿಯ ಭೇಟಿ, ಈಗ ಬಹುಪಾಲು ಜೂಮ್‌ನಲ್ಲಿ. ಹತ್ತು ನಿಮಿಷದ ಮಾತು. ಕೇಳಿದಷ್ಟಕ್ಕೆ ಉತ್ತರ ಕೊಡಿ, ಮನೆತನದ ಕಥೆ ಬೇಡ.

ಊರಿನ ಕಡೆ ನೋಡಿದರೆ ನನಗೆ ಸಿಟ್ಟು ಬರುವುದು ಇಲ್ಲಿ. ಸಾಮಾನ್ಯ ಮನುಷ್ಯನ ದಿವಾಳಿಗೆ ಕರ್ನಾಟಕದಲ್ಲಿ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಾಲ 500 ರೂಪಾಯಿಗೆ ಕಡಿಮೆ ಇರಬಾರದು ಎಂಬ ಆ ಕಾಲದ ಮಿತಿಯ ಸಮೇತ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಅಧ್ಯಾಯಗಳಿವೆ, ಆದರೆ 2019ರ ಡಿಸೆಂಬರ್ 1ರಿಂದ ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಜಾರಿಯಾಗದೆ ಬಿದ್ದಿರುವ ‘ಹೊಸ ಆರಂಭ’ದ ಅಧ್ಯಾಯವಾದರೂ ಯಾರಿಗೆ? ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ದಾಟದವರಿಗೆ. 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆ ಬಾಗಿಲಿಗೆ ಬಂದು ಕಿರುಕುಳ ಕೊಡುವವರನ್ನು ತಡೆಯಲು ಹೊರಟಿತು. ಪರವಾನಗಿ ಇರುವವರು ಕೊಟ್ಟ ಸಾಲ ಹಾಗೇ ಉಳಿಯಿತು. ಹೊರಬರುವ ದಾರಿಯನ್ನೇ ಇಡದ ಕಡೆ ಜನ ಹಿರಿಯರನ್ನು ಕೂರಿಸಿ ಬಡ್ಡಿ ಬಿಡಿಸಿಕೊಳ್ಳುತ್ತಾರೆ, ಅಸಲಿಗೆ ಕಾಲ ಕೇಳುತ್ತಾರೆ. ಅದರಲ್ಲೊಂದು ಮಾನವೀಯತೆ ಇದೆ, ಒಪ್ಪುತ್ತೇನೆ. ಮೀಟರ್ ಬಡ್ಡಿಯವನ ಮುಂದೆ ಅದು ನಡೆಯುವುದಿಲ್ಲ ಅಷ್ಟೇ.

ಎರಡು ದೇಶದ ನಡುವೆ ಸಿಕ್ಕಿಬೀಳುವುದು ಊರಿನ ಬ್ಯಾಂಕಿನ ಓದಿನ ಸಾಲ. ಅದನ್ನೂ ಪಟ್ಟಿಯಲ್ಲಿ ಬರೆಯಬೇಕು. ಆದರೆ ಅಮೆರಿಕದ ಕೋರ್ಟು ಕೊಟ್ಟ ಮನ್ನಾ ಊರಿನ ಬ್ಯಾಂಕು ಅಲ್ಲಿ ವಸೂಲಿಗೆ ಇಳಿಯುವುದನ್ನು ತಡೆಯುವುದಿಲ್ಲ. ಜಾಮೀನು ಹಾಕಿದ ಅಪ್ಪನೂ ಅಡವಿಟ್ಟ ಮನೆಯೂ ಇದ್ದಲ್ಲೇ ಇರುತ್ತವೆ. ಆ ಕಂತನ್ನು ಹೇಗೆ ಮುಂದುವರಿಸುವುದು ಎಂಬುದು ಅರ್ಜಿಗೆ ಮುಂಚೆಯೇ ತೀರ್ಮಾನವಾಗಿರಬೇಕು.

ಹಾಗೆಯೇ, ಅರ್ಜಿ ಹಾಕಿ 180 ದಿನದೊಳಗೆ ಹೆತ್ತವರು ತೀರಿಕೊಂಡು ಆಸ್ತಿ ನಿಮಗೆ ಬಂದರೆ ಅದೂ ಟ್ರಸ್ಟಿಯ ಲೆಕ್ಕಕ್ಕೆ ಸೇರುತ್ತದೆ. ಪೌತಿ ಖಾತೆ ಯಾವಾಗ ಆಯಿತೆಂಬುದು ಮುಖ್ಯವಲ್ಲ, ಹಕ್ಕು ಹುಟ್ಟಿದ ದಿನವೇ ಮುಖ್ಯ. ವಿಷಯ ತಿಳಿದ 14 ದಿನದೊಳಗೆ ಕೋರ್ಟಿಗೆ ಬರೆದುಕೊಡಬೇಕು. ವೈಕುಂಠ ಸಮಾರಾಧನೆ ಹದಿಮೂರನೇ ದಿನಕ್ಕೆ. ಲಾಯರಿಗೆ ಫೋನ್ ಮಾಡಲು ಅದಾದ ಮೇಲೆ ಒಂದೇ ದಿನ ಉಳಿದಿರುತ್ತದೆ.