ಅಡ್ಡಪರಿಣಾಮ ಕಂಡ ದಿನವೇ ಮಾತ್ರೆ ನಿಲ್ಲಿಸಬೇಕೇ? ಒಂದು ಸ್ಪಷ್ಟನೆ

‘ಖಿನ್ನತೆಯ ಮಾತ್ರೆ, ಫಿಟ್ಸ್ ಮಾತ್ರೆಯಿಂದ ತಲೆಸುತ್ತು, ವಾಕರಿಕೆ ಬಂದರೆ ಅವತ್ತೇ ನಿಲ್ಲಿಸಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಅಪಾಯ ಕೂಡ.

ಫಿಟ್ಸ್ ಮಾತ್ರೆ ದಿಢೀರನೆ ಬಿಟ್ಟರೆ ಫಿಟ್ಸ್ ಮತ್ತೆ ಬರಬಹುದು. ಕೆಲವೊಮ್ಮೆ ನಿಲ್ಲದೆ, ಒಂದರ ಹಿಂದೆ ಒಂದು ಬಂದು ಜೀವಕ್ಕೇ ಕುತ್ತಾಗುತ್ತದೆ. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಶುರುವಾಗಬಹುದು. ಜನ ಇದನ್ನೇ ‘ಮಾತ್ರೆಯ ಚಟ’ ಅಂದುಕೊಂಡು ಹೆದರುತ್ತಾರೆ. ಚಟವಲ್ಲ. ಡಾಕ್ಟರ್ ಹೇಳಿದಂತೆ ಡೋಸ್ ನಿಧಾನವಾಗಿ ಇಳಿಸಿದರೆ ಈ ಕಾಟ ಕಡಿಮೆ.

ಹಾಗಂತ ಸುಮ್ನೆ ಸಹಿಸಿಕೊಳ್ಳಿ ಎಂದಲ್ಲ. ವಾಕರಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ, ಊಟದ ಜೊತೆ ನುಂಗಿದರೆ ಇನ್ನೂ ಹಗುರ. ಮಂಪರು ಜಾಸ್ತಿಯಾದರೆ ಮಾತ್ರೆಯ ಹೊತ್ತು ಬದಲಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಲೈಂಗಿಕ ಆಸಕ್ತಿ ಕುಗ್ಗಿದ್ದರೆ ನಾಚಿಕೊಳ್ಳದೆ ಹೇಳಿ. ಹೇಳದಿದ್ದರೆ ಅವರಿಗಾದರೂ ಹೇಗೆ ಗೊತ್ತಾಗಬೇಕು, ಅಲ್ವಾ? ಡೋಸ್ ಅಥವಾ ಮಾತ್ರೆ ಬದಲಿಸುವ ದಾರಿ ಇದ್ದೇ ಇದೆ.

ಕೆಲವಕ್ಕೆ ಮಾತ್ರ ಕಾಯಲೇಬಾರದು. ಲ್ಯಾಮೋಟ್ರಿಜಿನ್, ಕಾರ್ಬಮಜೆಪಿನ್ ಎಂಬ ಫಿಟ್ಸ್ ಮಾತ್ರೆಗಳನ್ನು ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಮಾತ್ರೆ ಯಾವುದೇ ಇರಲಿ, ಸಾಯುವ ಯೋಚನೆ ಬಂದರೂ ಅಷ್ಟೇ.